ಪ್ರಶ್ನೆ ಮುಗಿಯಲಿ, ಆಮೇಲೆ ಉತ್ತರ: ಎಡಿಎಚ್‌ಡಿ ಮತ್ತು ಕಾಲೇಜು ಸಂದರ್ಶನ

ಪರೀಕ್ಷೆ ಮುಗಿದು ಪ್ರವೇಶದ ಓಡಾಟ ಶುರುವಾಗುವ ಈ ಹೊತ್ತಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಒಂದೇ ಬಗೆಯ ಹಲವು ಪತ್ರಗಳು ಬಂದಿವೆ. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರುವ ಮಕ್ಕಳು ಕಾಲೇಜಿನ ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಎಂಬುದು ಎಲ್ಲರ ಪ್ರಶ್ನೆ. ಅಂಕಣದ ಮನೋವೈದ್ಯರು ಮತ್ತು ಶಿಕ್ಷಣ ಸಲಹೆಗಾರರು ಸೇರಿ ಉತ್ತರಿಸಿದ್ದಾರೆ. ಮೊದಲೇ ಒಂದು ಸ್ಪಷ್ಟನೆ: ಸಿಇಟಿ, ನೀಟ್ ರ‍್ಯಾಂಕಿನ ಮೇಲೆ ಸಿಗುವ ಸೀಟಿಗೆ ಸಂದರ್ಶನ ಇಲ್ಲ, ದಾಖಲೆ ಪರಿಶೀಲನೆ ಅಷ್ಟೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಖಾಸಗಿ ವಿಶ್ವವಿದ್ಯಾಲಯಗಳಿಗೆ, ಕೆಲವು ವಿನ್ಯಾಸ ಕಾಲೇಜುಗಳಿಗೆ ಅರ್ಜಿ ಹಾಕಿದವರಿಗೆ ಈ ಉತ್ತರಗಳು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಎರಡು ವರ್ಷದ ಹಿಂದೆ ಎಡಿಎಚ್‌ಡಿ ಎಂದು ಗೊತ್ತಾಯಿತು. ಇನ್ನು ಮೂರು ವಾರಕ್ಕೆ ಬಿ.ಎ. ಅರ್ಥಶಾಸ್ತ್ರಕ್ಕೆ ಬೆಂಗಳೂರಿನಲ್ಲಿ ಸಂದರ್ಶನ ಇದೆ. ಗೊತ್ತಿರುವ ವಿಷಯವೇ ಆದರೂ ಅವರು ಪ್ರಶ್ನೆ ಮುಗಿಸುವ ಮೊದಲೇ ಬಾಯಿ ಹಾಕುತ್ತೇನೆ, ಇಲ್ಲವೇ ಐದು ನಿಮಿಷ ಮಾತಾಡಿ ಎಲ್ಲಿ ಶುರು ಮಾಡಿದೆ ಅನ್ನುವುದನ್ನೇ ಮರೆಯುತ್ತೇನೆ. ಉತ್ತರ ಬರೆದು ಬಾಯಿಪಾಠ ಮಾಡು ಅಂತಾರೆ ಗೆಳತಿಯರು. ನನ್ನಿಂದ ಆಗುತ್ತಿಲ್ಲ. ನಮ್ಮದು ಸಣ್ಣ ಕಾಫಿ ತೋಟ, ಅದರ ಬಗ್ಗೆ ಕೇಳಬಹುದು ಅನ್ನಿಸುತ್ತದೆ.
— ವಿದ್ಯಾರ್ಥಿನಿ, ಸಕಲೇಶಪುರ ತಾಲ್ಲೂಕು

ಉತ್ತರ: ಬಾಯಿಪಾಠ ಆಗದಿರುವುದು ಒಳ್ಳೆಯದೇ ಆಯಿತು. ಬಾಯಿಪಾಠದ ಉತ್ತರ ಒಂದು ಸರಪಳಿ. ನಡುವೆ ಒಂದು ಕೊಂಡಿ ಜಾರಿದರೆ ಮುಂದಿನದೂ ಕೈಗೆ ಸಿಗುವುದಿಲ್ಲ, ಎದುರಿನವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಸಾಕು, ಕಟ್ಟಿದ್ದೆಲ್ಲ ಕುಸಿಯುತ್ತದೆ.

ನಿಮಗೆ ಆಗುತ್ತಿರುವುದು ಇದು. ಮಾತು ಕೇಳುತ್ತಾ, ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಅದಕ್ಕೆ ಹೊಂದುವ ಉತ್ತರ ಹುಡುಕುವ ಕೆಲಸಕ್ಕೆ ಮಿದುಳಿನಲ್ಲಿ ಒಂದು ಸಣ್ಣ ಮೇಜು ಇದೆ ಎಂದುಕೊಳ್ಳಿ. ಎಡಿಎಚ್‌ಡಿ ಇರುವ ಹೆಚ್ಚಿನವರಿಗೆ ಆ ಮೇಜು ಇನ್ನೂ ಕಿರಿದು. ಹೊಳೆದ ಮಾತು ಈಗಲೇ ಹೇಳದಿದ್ದರೆ ಮೇಜಿನಿಂದ ಬಿದ್ದುಹೋಗುತ್ತದೆ ಎಂಬ ಹೆದರಿಕೆಯಿಂದಲೇ ನಡುವೆ ಬಾಯಿ ಹಾಕುವುದು. ಅದು ಅಹಂಕಾರವೂ ಅಲ್ಲ, ಸಂಸ್ಕಾರದ ಕೊರತೆಯೂ ಅಲ್ಲ. ಆದ್ದರಿಂದ ನಮ್ಮ ಸಲಹೆ ಒಂದೇ ದಾರಿಯದು: ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದನ್ನೆಲ್ಲ ತಲೆಯಿಂದ ಹೊರಗೆ ಇಡಿ. ಕಾಗದದ ಮೇಲೆ, ಬೆರಳಿನ ಮೇಲೆ, ಗೋಡೆಯ ಮೇಲೆ, ಪಕ್ಕದಲ್ಲಿ ಕೂತ ಮನುಷ್ಯರ ಮೇಲೆ.

ಮೊದಲ ವಾರ ಚೀಟಿ ಮಾಡಿ. ಹಳೆಯ ಲಗ್ನಪತ್ರಿಕೆಯ ರಟ್ಟು ಕತ್ತರಿಸಿದರೂ ಆಯಿತು, ಅಂಗೈ ಅಗಲದ 12 ಚೀಟಿ ಸಾಕು. ನಿಮ್ಮ ಬಗ್ಗೆ ಹೇಳಿ, ಈ ವಿಷಯವೇ ಏಕೆ, ಈ ಕಾಲೇಜೇ ಏಕೆ, ಇತ್ತೀಚೆಗೆ ಓದಿದ್ದೇನು, ಕಷ್ಟ ಅನ್ನಿಸಿದ ಪಾಠ ಯಾವುದು, ಮೂರು ವರ್ಷದ ನಂತರ ಏನು ಮಾಡುತ್ತೀರಿ, ನಮ್ಮನ್ನು ಏನಾದರೂ ಕೇಳಬೇಕೇ... ಇಂಥವು ಎಲ್ಲ ಕಡೆ ಬರುತ್ತವೆ. ಮುಂದೆ ಪ್ರಶ್ನೆ, ಹಿಂದೆ ಮೂರೇ ಮೂರು ಪದ. ವಾಕ್ಯ ಬರೆಯಬೇಡಿ. ವಾಕ್ಯ ಬರೆದ ಕೂಡಲೇ ಮನಸ್ಸು ಅದನ್ನು ಬಾಯಿಪಾಠ ಮಾಡಲು ಹೊರಡುತ್ತದೆ.

‘ಅರ್ಥಶಾಸ್ತ್ರವೇ ಏಕೆ?’ ಎಂಬ ಚೀಟಿಯ ಹಿಂದೆ ನೀವು ಹೀಗೆ ಬರೆಯಬಹುದು: ತೋಟ, ಲಂಡನ್, ಕೂಲಿ. ಅಷ್ಟು ನೋಡಿ ಮಾತಾಡಿದರೆ ಉತ್ತರ ಹೀಗೆ ಬಂದೀತು: ‘ನಮ್ಮದು ರೊಬಸ್ಟಾ ಕಾಫಿಯ ತೋಟ. ಅದರ ಬೆಲೆ ಲಂಡನ್ ಮಾರುಕಟ್ಟೆಯ ದರದ ಹಿಂದೆ ಹೋಗುತ್ತದೆ ಎಂದು ಗೊತ್ತಾದಾಗ, ಸಕಲೇಶಪುರದಲ್ಲಿ ಬೆಳೆದದ್ದರ ಬೆಲೆ ಅಲ್ಲೇಕೆ ತೀರ್ಮಾನವಾಗಬೇಕು ಎಂಬ ಪ್ರಶ್ನೆ ಹುಟ್ಟಿತು. ಬೆಲೆ ಏರಿದ ವರ್ಷ ತೋಟದಲ್ಲಿ ದುಡಿಯುವವರ ಕೂಲಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ ನೋಡುವುದನ್ನು ಕಲಿಯಬೇಕು ಅನ್ನಿಸಿದೆ.’ ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ. ನಾಳೆ ಬೇರೆ ಪದಗಳಲ್ಲಿ ಹೇಳುತ್ತೀರಿ, ಇರಲಿ ಬಿಡಿ, ಮೂರು ನಿಲ್ದಾಣ ಮುಟ್ಟಿದರೆ ಸಾಕು. ಸಂದರ್ಶನ ಇಂಗ್ಲಿಷಿನಲ್ಲಿ ಆಗುವುದಾದರೆ ಮೂರೂ ಪದಗಳನ್ನು ಇಂಗ್ಲಿಷಿನಲ್ಲೇ ಬರೆಯಿರಿ. ಕನ್ನಡದಲ್ಲಿ ಯೋಚಿಸಿ ಅಲ್ಲೇ ಅನುವಾದ ಮಾಡುತ್ತಾ ಕೂತರೆ ಆ ಕಿರಿದಾದ ಮೇಜಿನ ಅರ್ಧ ಜಾಗ ಅದಕ್ಕೇ ಹೋಗುತ್ತದೆ.

ಇಲ್ಲಿ ಒಂದು ಎಚ್ಚರ. ಚೀಟಿ ಬರೆಯುವುದು ಒಂದೇ ಸಂಜೆಯ ಕೆಲಸ. ಬಣ್ಣದ ಪೆನ್ನು, ಗೆರೆ, ಅಂಚು ಎಂದು ನಾಲ್ಕು ದಿನ ಅದರಲ್ಲೇ ಮುಳುಗಿ, ಒಂದು ಉತ್ತರವನ್ನೂ ಬಾಯಿಬಿಟ್ಟು ಹೇಳದೆ ವಾರ ಕಳೆಯುವುದು ಎಡಿಎಚ್‌ಡಿ ಇರುವ ಮಕ್ಕಳಲ್ಲಿ ತುಂಬ ಸಾಮಾನ್ಯ. ಇಷ್ಟವಾದದ್ದಕ್ಕೆ ಗಮನ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಅಭ್ಯಾಸ ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 15 ನಿಮಿಷ. ಒಂದು ಗಂಟೆ ಎಂದು ಇಟ್ಟುಕೊಂಡರೆ ಶುರುವೇ ಆಗುವುದಿಲ್ಲ. ಒಬ್ಬರೇ ಕೋಣೆಯಲ್ಲಿ ಕೂರಬೇಡಿ. ಅಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರೆ ಅಲ್ಲೇ ಮಣೆ ಹಾಕಿ ಕೂತು ಹೇಳಿ. ಅವರು ಉತ್ತರ ತಿದ್ದುವುದು ಬೇಕಿಲ್ಲ, ಪಕ್ಕದಲ್ಲಿ ಒಬ್ಬರು ತಮ್ಮ ಕೆಲಸ ಮಾಡುತ್ತಾ ಇದ್ದರೆ ಸಾಕು, ಕೂತಲ್ಲಿ ಕೂರುವುದಕ್ಕೆ ಅದೇ ಆಸರೆ. ನಾಲ್ಕೈದು ದಿನಕ್ಕೆ ಬೇಸರ ಬರುತ್ತದೆ. ಆಗ ಚೀಟಿ ಕಲಸಿ, ಅಂಗಳದಲ್ಲಿ ನಡೆಯುತ್ತಾ ಹೇಳಿ.

ಬಾಯಿ ಹಾಕುವುದಕ್ಕೆ ಬೇರೆಯದೇ ಅಭ್ಯಾಸ ಬೇಕು. ಮನೆಯವರೊಬ್ಬರು ಪ್ರಶ್ನೆಯನ್ನು ಬೇಕೆಂದೇ ನಡುವೆ ನಿಲ್ಲಿಸಿ ಕೇಳಲಿ: ‘ಕಾಫಿ ಬೆಲೆ ಏರಿದರೆ ಬೆಳೆಗಾರರಿಗೆ ಲಾಭ...’ ಎಂದು ಮೂರು ಸೆಕೆಂಡು ಸುಮ್ಮನಿದ್ದು, ‘...ಅಂತಾರೆ, ಆದರೆ ಸಣ್ಣ ಹಿಡುವಳಿಯವರಿಗೆ?’ ಎಂದು ಮುಗಿಸಲಿ. ನಡುವೆ ಮಾತಾಡಿದರೆ ಪ್ರಶ್ನೆ ಮತ್ತೆ ಮೊದಲಿನಿಂದ. ದಿನಕ್ಕೆ ಹತ್ತು ಪ್ರಶ್ನೆ ಹೀಗೆ. ಪ್ರಶ್ನೆ ಮುಗಿದ ಮೇಲೂ ಒಂದು ಪೂರ್ತಿ ಉಸಿರು ಒಳಗೆ ತೆಗೆದುಕೊಂಡು ಆಮೇಲೆ ಬಾಯಿ ತೆರೆಯಿರಿ. ನಿಮಗೆ ಅದು ಯುಗದಷ್ಟು ಉದ್ದ ಅನ್ನಿಸುತ್ತದೆ. ಎದುರಿನವರಿಗೆ ಯೋಚಿಸಿ ಮಾತಾಡುವ ಹುಡುಗಿಯಂತೆ ಕಾಣುತ್ತದೆ.

ಸಂದರ್ಶನದ ಕೋಣೆಗೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು ತೆಗೆದುಕೊಂಡು ಹೋಗಿ. ಕೂತ ಕೂಡಲೇ ‘ಪ್ರಶ್ನೆಯ ಮುಖ್ಯ ಪದ ಬರೆದುಕೊಳ್ಳಬಹುದೇ ಮೇಡಂ?’ ಎಂದು ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಹೊಳೆದ ಮಾತನ್ನು ಒಂದೇ ಪದದಲ್ಲಿ ಬರೆದಿಟ್ಟರೆ ಅದು ಕಳೆದುಹೋಗುವ ಭಯ ಹೋಗುತ್ತದೆ, ಪ್ರಶ್ನೆ ಪೂರ್ತಿ ಕೇಳಲು ಮನಸ್ಸು ಬಿಡುವಾಗುತ್ತದೆ. ಪ್ರಶ್ನೆಯಲ್ಲಿ ಎರಡು ಮೂರು ಭಾಗ ಇದ್ದರೆ ಹೆಬ್ಬೆರಳನ್ನು ಒಂದೊಂದು ಬೆರಳಿಗೆ ಮುಟ್ಟಿಸಿ ಲೆಕ್ಕ ಇಡಿ, ಮೇಜಿನ ಕೆಳಗೆ. ಮನಸ್ಸು ಖಾಲಿಯಾದರೆ ‘ಮೊದಲನೆಯದು ಬೆಲೆಯ ಬಗ್ಗೆ ಕೇಳಿದಿರಿ, ಎರಡನೆಯದನ್ನು ಇನ್ನೊಮ್ಮೆ ಹೇಳುತ್ತೀರಾ?’ ಎನ್ನಿ. ಹೀಗೆ ಕೇಳಿದ್ದಕ್ಕೆ ಅಂಕ ಕಳೆಯುವವರು ಅಪರೂಪ. ಕೇಳದ ಪ್ರಶ್ನೆಗೆ ಉತ್ತರಿಸಿದರೆ ಖಂಡಿತ ಕಳೆಯುತ್ತಾರೆ.

ಉದ್ದ ಮಾತಿಗೆ ಮದ್ದು ಮೊಬೈಲಿನ ಟೈಮರು. ಅಭ್ಯಾಸದಲ್ಲಿ ಅದನ್ನು 60 ಸೆಕೆಂಡಿಗೆ ಕಂಪಿಸುವಂತೆ ಇಟ್ಟು ಕೈಯಲ್ಲಿ ಹಿಡಿದುಕೊಳ್ಳಿ. ಕಂಪಿಸಿದ ಮೇಲೆ ಒಂದೇ ವಾಕ್ಯ, ಅದೂ ಮೊದಲೇ ಗೊತ್ತುಮಾಡಿಕೊಂಡ ವಾಕ್ಯ: ‘ಮುಖ್ಯವಾಗಿ ಇಷ್ಟು. ಬೇಕಿದ್ದರೆ ವಿವರಿಸುತ್ತೇನೆ.’ ಇಡೀ ತಯಾರಿಯಲ್ಲಿ ಬಾಯಿಪಾಠ ಮಾಡಬೇಕಾದ ವಾಕ್ಯ ಇದೊಂದೇ. ಮೂರನೇ ವಾರಕ್ಕೆ ಒಂದು ನಿಮಿಷ ಎಷ್ಟು ಉದ್ದ ಎಂಬುದು ಟೈಮರು ಇಲ್ಲದೆಯೂ ಅಂದಾಜಿಗೆ ಸಿಗುತ್ತದೆ.

ಎರಡನೇ ವಾರ ಮೂರು ಅಣಕು ಸಂದರ್ಶನ, ಮೂರು ಬೇರೆ ಬೇರೆ ಜನರ ಎದುರು: ಮೊದಲು ಪರಿಚಯದವರು, ಆಮೇಲೆ ನಿಮ್ಮ ಕಾಲೇಜಿನ ಉಪನ್ಯಾಸಕರು, ಕೊನೆಗೆ ಅಷ್ಟಾಗಿ ಗುರುತಿಲ್ಲದವರು. ಊರಿನ ಬ್ಯಾಂಕ್ ಮ್ಯಾನೇಜರನ್ನೋ ಗ್ರಂಥಪಾಲಕರನ್ನೋ ಕೇಳಿದರೆ ಅರ್ಧ ಗಂಟೆ ಕೊಟ್ಟೇ ಕೊಡುತ್ತಾರೆ. ಅಪರಿಚಿತರ ಎದುರಿನ ಸಂದರ್ಶನವೇ ಹೆಚ್ಚು ಕಲಿಸುವುದು, ಏಕೆಂದರೆ ಎದೆ ಡವಗುಟ್ಟುವುದು ಅಲ್ಲೇ. ಮೂರನೇ ವಾರ ಇನ್ನು ಎರಡು, ನಿಜವಾದ ಸಂದರ್ಶನದ ಹೊತ್ತಿಗೇ, ಅವತ್ತು ಹಾಕಿಕೊಳ್ಳುವ ಬಟ್ಟೆಯಲ್ಲೇ. ಚುಚ್ಚುವ ಕಾಲರು, ಬಿಗಿಯಾದ ಬಳೆ, ಹೊಸ ಚಪ್ಪಲಿ ಆಗಲೇ ಪತ್ತೆಯಾಗಬೇಕು. ಎಡಿಎಚ್‌ಡಿ ಇರುವ ಎಷ್ಟೋ ಜನರಿಗೆ ಕುತ್ತಿಗೆಯಲ್ಲಿ ಕೆರೆಯುವ ಒಂದು ಲೇಬಲ್ಲು ಇಡೀ ಸಂದರ್ಶನ ಹಾಳುಮಾಡಲು ಸಾಕು. ಕೊನೆಯ ಎರಡು ದಿನ ಹೊಸದೇನೂ ಓದಬೇಡಿ.

ಪ್ರಶ್ನೆ: ನನ್ನ ಮಗನಿಗೆ ಡಾಕ್ಟರು ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಟ್ಟಿದ್ದಾರೆ. ಪರೀಕ್ಷೆ ಮುಗಿದ ಮೇಲೆ ನಾವೇ ನಿಲ್ಲಿಸಿದ್ದೇವೆ, ಊಟ ಸೇರುತ್ತಿರಲಿಲ್ಲ. ಸಂದರ್ಶನದ ದಿನ ಮಾತ್ರ ಕೊಡಬಹುದೇ? ಒಂದರ ಬದಲು ಎರಡು ಕೊಟ್ಟರೆ ಇನ್ನೂ ಚುರುಕಾಗುತ್ತಾನೆಯೇ? ಅವನು ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುತ್ತಾನೆ.
— ತಾಯಿ, ಬೇಲೂರು

ಉತ್ತರ: ಎರಡು ಕೊಡಲೇಬೇಡಿ, ಅಮ್ಮ. ಡೋಸ್ ಹೆಚ್ಚಾದರೆ ಚುರುಕು ಹೆಚ್ಚುವುದಿಲ್ಲ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗಬಹುದು, ಕೆಲವರು ಮಂಕಾಗಿ ಮಾತೇ ಆಡುವುದಿಲ್ಲ. ಮತ್ತೆ ಯಾವಾಗ ಶುರು ಮಾಡಬೇಕು, ಎಷ್ಟು ಎಂಬುದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು. ಈ ವಾರವೇ ಹೋಗಿ, ನೀವೇ ನಿಲ್ಲಿಸಿದ್ದನ್ನೂ ಊಟ ಸೇರದಿದ್ದುದನ್ನೂ ಮುಚ್ಚಿಡದೆ ಹೇಳಿ. ಊಟ ಸೇರದಿರುವುದಕ್ಕೆ ಡೋಸ್, ಮಾತ್ರೆಯ ಬಗೆ, ಕೊಡುವ ಹೊತ್ತು ಬದಲಿಸುವ ದಾರಿಗಳಿವೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿದ್ದರೆ ಅದನ್ನೂ ತಿಳಿಸಿ. ರಕ್ತದೊತ್ತಡ, ನಾಡಿ, ತೂಕ ನೋಡಿಸಿ.

ಬಿಟ್ಟಿದ್ದ ಮಾತ್ರೆಯನ್ನು ಸಂದರ್ಶನದ ದಿನವೇ ಮೊದಲ ಸಲ ತೆಗೆದುಕೊಳ್ಳುವುದು ಸರಿಯಲ್ಲ. ವೈದ್ಯರು ಒಪ್ಪಿದರೆ ಕನಿಷ್ಠ ಎರಡು ವಾರ ಮೊದಲೇ ಶುರುವಾಗಲಿ. ಅಣಕು ಸಂದರ್ಶನಗಳೂ ಮಾತ್ರೆ ತೆಗೆದುಕೊಂಡ ದಿನಗಳಲ್ಲೇ ನಡೆಯಲಿ, ಆಗ ದೇಹ ಹೇಗೆ ಇರುತ್ತದೆ ಎಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ.

ಹೊತ್ತಿನ ಲೆಕ್ಕ ಮುಖ್ಯ. ಸಾಧಾರಣ ಮೀಥೈಲ್‌ಫೆನಿಡೇಟ್ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಸುಮಾರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು 8ರಿಂದ 12 ಗಂಟೆ. ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಬೆಳಿಗ್ಗೆ 7ಕ್ಕೆ ಸಾಧಾರಣ ಮಾತ್ರೆ ನುಂಗಿ ಮಧ್ಯಾಹ್ನ 2ರ ಸಂದರ್ಶನಕ್ಕೆ ಹೋದರೆ ಅಷ್ಟು ಹೊತ್ತಿಗೆ ಮಾತ್ರೆ ಇಳಿದಿರುತ್ತದೆ, ಇಳಿಯುವ ಹೊತ್ತಿನ ಕಿರಿಕಿರಿಯೂ ಸೇರಿರುತ್ತದೆ. ಕರೆ ಬಂದ ಕೂಡಲೇ ಸಂದರ್ಶನದ ಸಮಯವನ್ನು ವೈದ್ಯರಿಗೆ ತಿಳಿಸಿ ಎನ್ನುವುದು ಇದಕ್ಕೇ. ಮಾತ್ರೆಗೆ ಮೊದಲು ತಿಂಡಿ ಆಗಲಿ. ಆಮೇಲೆ ಹಸಿವು ಸತ್ತುಹೋಗುತ್ತದೆ, ಖಾಲಿ ಹೊಟ್ಟೆಯಲ್ಲಿ ಕೈ ನಡುಕ ಜಾಸ್ತಿ. ಎರಡು ಇಡ್ಲಿಯಾದರೂ ಸರಿ, ಅಕ್ಕಿರೊಟ್ಟಿಯಾದರೂ ಸರಿ, ಒಂದು ಮೊಟ್ಟೆ ಇದ್ದರೆ ಒಳ್ಳೆಯದು.

ಕಾಫಿಯ ಮಾತು. ನಮ್ಮ ಸೀಮೆಯಲ್ಲಿ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಆದರೆ ಈ ಮಾತ್ರೆಯೂ ಕೆಫೀನೂ ಎರಡೂ ಎದೆಬಡಿತ ಏರಿಸುವವೇ. ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಸಂಜೆ 6ರ ಕಾಫಿ ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ, ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಎಡಿಎಚ್‌ಡಿ ಎರಡರಷ್ಟು ಕಷ್ಟ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ. ಎರಡು ವಾರದಲ್ಲಿ ಒಂದೊಂದೇ ಲೋಟ ಇಳಿಸಿ, ಮಧ್ಯಾಹ್ನದ ನಂತರದ್ದನ್ನು ಮೊದಲು ಬಿಡಿಸಿ. ಸಂದರ್ಶನದ ದಿನ ಬೆಳಿಗ್ಗೆ ಒಂದೇ ಲೋಟ.

ಎಡಿಎಚ್‌ಡಿಗೆ ಕೊಡುವ ಇನ್ನೊಂದು ಔಷಧ ಅಟೊಮಾಕ್ಸೆಟಿನ್ ತೆಗೆದುಕೊಳ್ಳುವ ಓದುಗರಿಗೆ ಒಂದು ಮಾತು: ಅದು ಪೂರ್ತಿ ಪರಿಣಾಮ ತೋರಲು ನಾಲ್ಕರಿಂದ ಆರು ವಾರ ಬೇಕು. ಸಂದರ್ಶನದ ವಾರ ನೆನಪಾಗಿ ನುಂಗಿದರೆ ಫಲವಿಲ್ಲ. ಇನ್ನು ಗೆಳೆಯರ ಮಾತ್ರೆ ಕಡ ತೆಗೆದುಕೊಳ್ಳುವುದು ಅಪಾಯ ಮಾತ್ರವಲ್ಲ, ಮೀಥೈಲ್‌ಫೆನಿಡೇಟ್ ಕಾನೂನಿನ ನಿಯಂತ್ರಣದಲ್ಲಿರುವ ಔಷಧ. ಬೆಂಗಳೂರಿಗೆ ಹೋಗುವಾಗ ಮಾತ್ರೆಯ ಸ್ಟ್ರಿಪ್ಪಿನ ಜೊತೆ ವೈದ್ಯರ ಚೀಟಿಯೂ ಇರಲಿ.

ಪ್ರಶ್ನೆ: ಎಡಿಎಚ್‌ಡಿ ಇದೆ ಎಂದು ಸಂದರ್ಶನದಲ್ಲಿ ಹೇಳಬೇಕೇ? ಪ್ರಥಮ ಪಿಯುಸಿಯಲ್ಲಿ ನನಗೆ ಅಂಕ ತುಂಬ ಕಡಿಮೆ ಬಂದಿತ್ತು, ಆಗ ಇನ್ನೂ ಗೊತ್ತಾಗಿರಲಿಲ್ಲ. ಕೇಳಿದರೆ ಏನು ಹೇಳಲಿ? ಮೀಸಲಾತಿ ಏನಾದರೂ ಇದೆಯೇ?
— ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಹೇಳಲೇಬೇಕು ಎಂಬ ಕಡ್ಡಾಯ ಇಲ್ಲ, ಮುಚ್ಚಿಡುವಂಥ ತಪ್ಪೂ ಅಲ್ಲ. ಹೇಳುವುದರಿಂದ ನಿಮಗೆ ಏನಾದರೂ ಅನುಕೂಲ ಸಿಗಬೇಕಿದ್ದರೆ ಹೇಳಿ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಹೇಳುವ ಜಾಗ ಸಂದರ್ಶನದ ಕೋಣೆ ಅಲ್ಲ, ಪ್ರವೇಶ ವಿಭಾಗದ ಇಮೇಲ್. ಕನಿಷ್ಠ ಹತ್ತು ದಿನ ಮೊದಲು ನಾಲ್ಕು ಸಾಲು ಬರೆಯಿರಿ: ನನಗೆ ಎಡಿಎಚ್‌ಡಿ ಇದೆ, ವೈದ್ಯರ ಪತ್ರ ಲಗತ್ತಿಸಿದ್ದೇನೆ, ಪ್ರಶ್ನೆಯ ಮುಖ್ಯ ಪದ ಬರೆದುಕೊಳ್ಳಲು ಅನುಮತಿ ಬೇಕು, ಸಾಧ್ಯವಾದರೆ ಬೆಳಗಿನ ಸರದಿ ಕೊಡಿ. ಕೇಳುವುದು ಇಷ್ಟು ನಿರ್ದಿಷ್ಟವಾಗಿರಲಿ. ‘ದಯವಿಟ್ಟು ಸಹಕರಿಸಿ’ ಎಂದಷ್ಟೇ ಬರೆದರೆ ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ.

ಅಂಕದ ಪ್ರಶ್ನೆಗೆ ಮೂರು ಹೆಜ್ಜೆಯ ಉತ್ತರ: ಏನಾಯಿತು, ಏನು ಬದಲಿಸಿದೆ, ಈಗ ಹೇಗಿದೆ. ‘ಪ್ರಥಮ ಪಿಯುಸಿಯಲ್ಲಿ ಪಾಠ ಅರ್ಥವಾಗುತ್ತಿತ್ತು, ಓದಿನ ವೇಳಾಪಟ್ಟಿ ನಿಲ್ಲುತ್ತಿರಲಿಲ್ಲ. ಆಮೇಲೆ 25 ನಿಮಿಷ ಓದು, 5 ನಿಮಿಷ ಬಿಡುವು ಎಂದು ಹಿಡಿದೆ, ವಾರಕ್ಕೊಮ್ಮೆ ಉಪನ್ಯಾಸಕರಿಗೆ ತೋರಿಸಿದೆ. ದ್ವಿತೀಯ ಪಿಯುಸಿಯ ಅಂಕಪಟ್ಟಿಯಲ್ಲಿ ವ್ಯತ್ಯಾಸ ಇದೆ.’ ನೀವು ನಿಜವಾಗಿ ಮಾಡಿದ್ದನ್ನೇ ಹೇಳಿ. ಎಡಿಎಚ್‌ಡಿ ಎಂಬ ಪದ ಇದರಲ್ಲಿ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಆದರೆ ಅದೊಂದನ್ನೇ ಹೇಳಿ ನಿಲ್ಲಿಸಬೇಡಿ. ನೀವು ಕಂಡುಕೊಂಡ ದಾರಿ ಯಾವುದು ಎಂಬುದನ್ನೇ ಅವರು ಕೇಳಬಯಸುವುದು. ಉಪನ್ಯಾಸಕರನ್ನೋ ಮನೆಯವರನ್ನೋ ದೂರುವ ಮಾತು ಬೇಡ.

ಮೀಸಲಾತಿ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿಗೆ ಪ್ರತ್ಯೇಕ ಹೆಸರು ಇಲ್ಲ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಶೇ 5ರ ಮೀಸಲು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ. ಎಡಿಎಚ್‌ಡಿಯ ಜೊತೆ ಓದು-ಬರಹದ ಕಲಿಕಾ ನ್ಯೂನತೆಯೂ ಇರುವ ಮಕ್ಕಳು ಬಹಳ. ಅಕ್ಷರ ತಪ್ಪು, ಓದುವ ನಿಧಾನ ನಿಮಗೆ ಚಿಕ್ಕಂದಿನಿಂದ ಇದ್ದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ನನಗೆ ಆನ್‌ಲೈನ್ ಸಂದರ್ಶನ. ಮನೆ ತೋಟದೊಳಗೆ, ಹೂಮಳೆ ಬಂದರೆ ಕರೆಂಟು ಹೋಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟ, ಸ್ಕ್ರೀನಿನ ಮುಂದೆ ನನ್ನ ಗಮನ ನಿಲ್ಲುವುದೇ ಇಲ್ಲ.
— ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ಕರೆಂಟಿನ ವಿಷಯ ಮೊದಲು ಮುಗಿಸೋಣ. ಕಾಫಿ ಹೂವಾಗುವ ಮಾರ್ಚ್, ಏಪ್ರಿಲ್ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಸರದಿ ಆರಿಸುವ ಅವಕಾಶ ಇದ್ದರೆ ಬೆಳಿಗ್ಗೆ ಆರಿಸಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ. ಎರಡು ಬೇರೆ ಕಂಪನಿಯ ಸಿಮ್ ಇರುವ ಎರಡು ಮೊಬೈಲು ಹೊಂದಿಸಿ, ಒಂದು ಕೈಕೊಟ್ಟರೆ ಇನ್ನೊಂದರ ಹಾಟ್‌ಸ್ಪಾಟ್. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ನಿಲ್ಲುತ್ತದೆ ಎಂದು ವಾರದ ಮೊದಲೇ ವಿಡಿಯೊ ಕರೆ ಮಾಡಿ ನೋಡಿ. ಎಲ್ಲೂ ನಿಲ್ಲದಿದ್ದರೆ ಪೇಟೆಯಲ್ಲಿರುವ ನೆಂಟರ ಮನೆಯ ಒಂದು ಕೋಣೆ ಕೇಳಿಕೊಳ್ಳಿ. ಸಂಪರ್ಕ ತಪ್ಪಿದರೆ ಕರೆ ಮಾಡಬೇಕಾದ ಪ್ರವೇಶ ವಿಭಾಗದ ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಆ ಗಾಬರಿಯಲ್ಲಿ ಮೊಬೈಲಿನಲ್ಲಿ ಹುಡುಕಲು ಆಗುವುದಿಲ್ಲ.

ಗಮನ ಓಡುವುದಕ್ಕೆ ದೊಡ್ಡ ಕಾರಣ ಸ್ಕ್ರೀನಿನಲ್ಲಿ ಕಾಣುವ ನಿಮ್ಮದೇ ಮುಖ. ಸಂದರ್ಶನದ ಆ್ಯಪಿನಲ್ಲಿ ಅದನ್ನು ಮರೆಮಾಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಆ ಚೌಕದ ಮೇಲೆ ಒಂದು ತುಂಡು ಕಾಗದ ಅಂಟಿಸಿ. ಕ್ಯಾಮೆರಾ ಪಕ್ಕ ‘ಉಸಿರು, ಬೆರಳು, ಸಾಕು’ ಎಂಬ ಮೂರು ಪದದ ಚೀಟಿ ಇರಲಿ: ಉಸಿರು ತೆಗೆದುಕೊಂಡು ಶುರು ಮಾಡಿ, ಬೆರಳಿನಲ್ಲಿ ಭಾಗ ಎಣಿಸಿ, ಸಾಕು ಅನ್ನಿಸಿದಾಗ ನಿಲ್ಲಿಸಿ. ಉತ್ತರಗಳನ್ನು ಅಂಟಿಸಬೇಡಿ. ಕಣ್ಣು ಓಡುವುದು ಅವರಿಗೆ ಕಾಣುತ್ತದೆ, ನೋಡಿ ಓದುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಕಿಟಕಿಗೆ ಮುಖ ಮಾಡಿದರೆ ಬೆಳಕು ಚೆನ್ನ, ಆದರೆ ಹೊರಗೆ ಕಾಯಿ ಕೀಳುವವರು, ಕೋಳಿ, ನಾಯಿ ಎಲ್ಲ ಕಾಣುವುದಾದರೆ ಕಿಟಕಿಯ ಕೆಳಭಾಗಕ್ಕೆ ಒಂದು ಬಿಳಿ ಪಂಚೆ ಕಟ್ಟಿ. ತಿರುಗುವ ಕುರ್ಚಿ ಬೇಡ, ಗೊತ್ತಿಲ್ಲದೆ ತೂಗುತ್ತೀರಿ. ಕೈಗೆ ಏನಾದರೂ ಬೇಕೆನಿಸಿದರೆ ಸದ್ದು ಮಾಡದ ಒಂದು ಬಟ್ಟೆ ಉಂಡೆ ಮಡಿಲಲ್ಲಿ ಇರಲಿ. ಟಕ್ ಟಕ್ ಎನ್ನುವ ಪೆನ್ನನ್ನು ಮೈಕು ಎರಡರಷ್ಟು ಮಾಡಿ ಕಳಿಸುತ್ತದೆ.

ಪ್ರಶ್ನೆ: ನಮ್ಮ ಹುಡುಗನಿಗೆ ಬುದ್ಧಿ ಇದೆ, ಸೋಮಾರಿ ಎನ್ನುತ್ತಾರೆ ಲೆಕ್ಚರರುಗಳು. ಎಡಿಎಚ್‌ಡಿ ಇರಬಹುದೇ ಎಂದು ಸಂಶಯ. ಸಂದರ್ಶನಕ್ಕೆ ಮೊದಲೇ ತೋರಿಸಬೇಕೇ? ಸ್ಕ್ಯಾನ್ ಮಾಡಿಸಬೇಕೇ?
— ತಂದೆ, ಚಿಕ್ಕಮಗಳೂರು

ಉತ್ತರ: ಸ್ಕ್ಯಾನಿನಲ್ಲಾಗಲಿ ರಕ್ತ ಪರೀಕ್ಷೆಯಲ್ಲಾಗಲಿ ಎಡಿಎಚ್‌ಡಿ ಕಾಣುವುದಿಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನಿಮ್ಮನ್ನೂ ಮಗನನ್ನೂ ವಿವರವಾಗಿ ಕೇಳಿ ತೀರ್ಮಾನಿಸುತ್ತಾರೆ. ಲಕ್ಷಣಗಳು 12 ವರ್ಷಕ್ಕಿಂತ ಮೊದಲೇ ಇದ್ದಿರಬೇಕು, ಮನೆ ಮತ್ತು ಕಾಲೇಜಿನಂಥ ಕನಿಷ್ಠ ಎರಡು ಕಡೆ ಕಾಣಬೇಕು, ಆರು ತಿಂಗಳಿಂದ ಇರಬೇಕು. 17 ತುಂಬಿದವರಲ್ಲಿ ಗಮನದ ಒಂಬತ್ತು ಲಕ್ಷಣಗಳಲ್ಲಾಗಲಿ, ಚಡಪಡಿಕೆ-ಆತುರದ ಒಂಬತ್ತರಲ್ಲಾಗಲಿ ಐದಾದರೂ ಬೇಕು. ಆದ್ದರಿಂದ ಹೋಗುವಾಗ ಪ್ರಾಥಮಿಕ ಶಾಲೆಯ ಪ್ರಗತಿಪತ್ರಗಳನ್ನು ಹುಡುಕಿ ಒಯ್ಯಿರಿ. ‘ಜಾಣ, ಆದರೆ ಕೂತಲ್ಲಿ ಕೂರುವುದಿಲ್ಲ’ ಎಂದು ಎರಡನೇ ತರಗತಿಯ ಮೇಷ್ಟ್ರು ಬರೆದ ಒಂದು ಸಾಲು ವೈದ್ಯರಿಗೆ ತುಂಬ ಬೆಲೆಬಾಳುತ್ತದೆ. ನಿದ್ದೆಯ ಕೊರತೆ, ಥೈರಾಯ್ಡ್, ಆತಂಕ, ಖಿನ್ನತೆ ಕೂಡ ಹೀಗೇ ಕಾಣಬಹುದು. ಅವನ್ನೂ ನೋಡಬೇಕಾಗುತ್ತದೆ, ಒಂದೇ ಭೇಟಿಗೆ ಮುಗಿಯದು.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತೋರಿಸುವುದು ಒಳ್ಳೆಯದು, ಆದರೆ ಸಂದರ್ಶನದ ಗಡುವಿಗೆ ಅದನ್ನು ಕಟ್ಟಬೇಡಿ. ಚೀಟಿ, ಟೈಮರು, ಅಣಕು ಸಂದರ್ಶನಕ್ಕೆ ವೈದ್ಯರ ಪತ್ರ ಬೇಕಿಲ್ಲ, ಇವತ್ತೇ ಶುರು ಮಾಡಿಸಿ. ಸೋಮಾರಿ ಎಂಬ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡಬೇಡಿ. ಹತ್ತು ವರ್ಷ ಅದನ್ನೇ ಕೇಳಿಸಿಕೊಂಡ ಹುಡುಗ ‘ನಿಮ್ಮ ಬಲ ಏನು?’ ಎಂದು ಕೇಳಿದಾಗ ತಲೆ ತಗ್ಗಿಸುತ್ತಾನೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬೆಳಿಗ್ಗೆ 10.30ಕ್ಕೆ ಸಂದರ್ಶನ. ನಾನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ, ಏನಾದರೊಂದು ಮರೆಯುತ್ತೇನೆ. ರಾತ್ರಿ ಬಸ್ಸಿಗೆ ಹೋದರೆ ಆಗದೇ?
— ವಿದ್ಯಾರ್ಥಿ, ಕಡೂರು

ಉತ್ತರ: ರಾತ್ರಿ ಬಸ್ಸು ಬೇಡ, ನಿದ್ದೆ ಹೋಗುತ್ತದೆ. ಬೆಳಗಿನ ಜಾವ ಹೊರಡುವುದೂ ಬೇಡ, ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಆ ಹೊತ್ತಿನ ದಟ್ಟಣೆ ನಿಮ್ಮ ಲೆಕ್ಕ ಕೇಳುವುದಿಲ್ಲ. ಹಿಂದಿನ ದಿನ ಮಧ್ಯಾಹ್ನದೊಳಗೆ ತಲುಪಿ, ಸಂಜೆ ಒಮ್ಮೆ ಕಾಲೇಜಿನ ಗೇಟಿನವರೆಗೆ ಹೋಗಿ ಬನ್ನಿ. ಹೊಸ ಜಾಗದ ಗಾಬರಿ ಅರ್ಧ ಅಲ್ಲೇ ಇಳಿಯುತ್ತದೆ.

ಎಡಿಎಚ್‌ಡಿ ಇರುವವರಿಗೆ ಹೊತ್ತು ಎರಡೇ ಬಗೆ: ಈಗ, ಮತ್ತು ಈಗಲ್ಲ. ಅದಕ್ಕೇ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು. 10.30 ಸಂದರ್ಶನ, 9.45 ಗೇಟು, ದಾರಿಗೆ ಮ್ಯಾಪ್ ಒಂದು ಗಂಟೆ ತೋರಿಸಿದರೆ ಒಂದೂವರೆ ಗಂಟೆ ಹಿಡಿದು 8.15ಕ್ಕೆ ಹೊರಡುವುದು, 7.30 ತಿಂಡಿ, 6.30 ಏಳುವುದು. ಪ್ರತಿಯೊಂದಕ್ಕೂ ಬೇರೆ ಬೇರೆ ಅಲಾರಂ, ಅದಕ್ಕೆ ಹೆಸರೂ ಇಡಿ: ‘ಸ್ನಾನ ಬಿಟ್ಟು ಹೊರಗೆ ಬಾ’, ‘ಚಪ್ಪಲಿ ಹಾಕು’. ಎಲ್ಲಕ್ಕೂ ಒಂದೇ ಸದ್ದಾದರೆ ಎರಡನೆಯದಕ್ಕೇ ಕಿವಿ ಮುಚ್ಚಿಕೊಳ್ಳುತ್ತದೆ.

ದಾಖಲೆಗೆ ಒಂದೇ ಫೈಲು, ಪಾರದರ್ಶಕವಾದದ್ದು. ಕರೆಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಫೋಟೊ ನಾಲ್ಕು, ಎಲ್ಲದರ ಎರಡೆರಡು ಪ್ರತಿ. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ, ಮೂರು ದಿನ ಮೊದಲೇ ತುಂಬಿಸಿ, ಆಮೇಲೆ ಯಾವುದಕ್ಕೂ ತೆರೆಯಬೇಡಿ. ಜೆರಾಕ್ಸಿಗೆಂದು ತೆಗೆದ ಮೂಲ ಅಂಕಪಟ್ಟಿ ಅಂಗಡಿಯ ಯಂತ್ರದಲ್ಲೇ ಉಳಿಯುವುದು ಬಹಳ ಸಲ ಆಗುವ ಅನಾಹುತ. ಮೂಲ ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ಅಪ್ಪನಿಗೂ ಕಳಿಸಿಡಿ.

ಪ್ರಶ್ನೆ: ಒಂದು ಉತ್ತರ ಕೆಟ್ಟರೆ ಆಮೇಲಿನದೆಲ್ಲ ಕೆಡುತ್ತದೆ. ಅವರ ಮುಖ ಸ್ವಲ್ಪ ಗಂಟಾದರೂ ನನ್ನ ಕಥೆ ಮುಗಿಯಿತು ಅನ್ನಿಸುತ್ತದೆ.
— ವಿದ್ಯಾರ್ಥಿನಿ, ಕೊಪ್ಪ

ಉತ್ತರ: ಎಡಿಎಚ್‌ಡಿ ಇರುವ ಅನೇಕರಿಗೆ ತಿರಸ್ಕಾರದ ಸುಳಿವು ಕೂಡ ಮೈಗೆ ಚುಚ್ಚಿದಂತೆ ತಾಗುತ್ತದೆ. ಅಭ್ಯಾಸದಲ್ಲೇ ಅದನ್ನು ತಂದುಕೊಳ್ಳಿ: ಅಣಕು ಸಂದರ್ಶನದಲ್ಲಿ ಒಬ್ಬರು ಬೇಕೆಂದೇ ಮುಖ ಗಂಟಿಕ್ಕಿ ಕೂರಲಿ, ನಡುವೆ ಗಡಿಯಾರ ನೋಡಲಿ. ದಿನಕ್ಕೆ ಇಪ್ಪತ್ತು ಮಕ್ಕಳನ್ನು ನೋಡಿ ದಣಿದವರ ಮುಖವೂ ಹಾಗೇ ಇರುತ್ತದೆ ಎಂದು ಆಗ ತಿಳಿಯುತ್ತದೆ. ಉತ್ತರ ಕೆಟ್ಟಿತು ಅನ್ನಿಸಿದರೆ ಎರಡೂ ಪಾದ ನೆಲಕ್ಕೆ ಒತ್ತಿ, ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಕೆಳಗೆ ಹೊಸ ಪ್ರಶ್ನೆ. ಸರಿಯಾದ ಉತ್ತರ ಆಮೇಲೆ ಹೊಳೆದರೆ ಗೆರೆಯ ಮೇಲೆ ಒಂದು ಪದ ಬರೆದಿಟ್ಟು, ಕೊನೆಯಲ್ಲಿ ‘ಮೊದಲಿನ ಪ್ರಶ್ನೆಗೆ ಒಂದು ಮಾತು ಸೇರಿಸಬಹುದೇ?’ ಎಂದು ಕೇಳಿ. ಹೊರಗೆ ಬಂದ ಮೇಲೆ ಊರಿನ ಬಸ್ಸಿನಲ್ಲಿ ಕೂತು ಪ್ರತಿ ಉತ್ತರವನ್ನೂ ಮತ್ತೆ ಮತ್ತೆ ಅಗಿಯುವ ಬದಲು, ಕೇಳಿದ ಪ್ರಶ್ನೆಗಳನ್ನಷ್ಟೇ ಮೊಬೈಲಿನಲ್ಲಿ ದನಿ ಮುದ್ರಿಸಿಟ್ಟುಕೊಳ್ಳಿ. ಮುಂದಿನ ಕಾಲೇಜಿಗೆ ಹೊಸ ಚೀಟಿಗಳು ಅವುಗಳಿಂದಲೇ ಆಗುತ್ತವೆ.